ದ್ರವದಲ್ಲಿ ಮುಳುಗಿಸಿ ಘನವಸ್ತುವಿನ ಸಾಂದ್ರತೆ ಕಂಡುಹಿಡಿಯೋದು: ಒಣ ತೂಕದಿಂದ ಕೊನೆಯ ಲೆಕ್ಕದವರೆಗೆ

ಸೂತ್ರ ಬಾಯಿಪಾಠ ಇರತ್ತೆ, ತಕ್ಕಡಿನೂ ಚೆನ್ನಾಗಿರತ್ತೆ, ಆದ್ರೂ ಉಕ್ಕಿನ ಬೋಲ್ಟಿಗೆ ಸಾಂದ್ರತೆ 7.8 ಹತ್ರ ಬರೋ ಬದಲು 6 ಅಂತ ಬರತ್ತೆ. ಇನ್ನು ಕೆಲವರಿಗೆ ಏನೇ ಮುಳುಗಿಸಿದ್ರೂ ಉತ್ತರ 1 ಅಂತಾನೇ ಬರತ್ತೆ. ಇವೆರಡೇ ದೂರು ಮತ್ತೆ ಮತ್ತೆ ಬರ್ತಿರೋದ್ರಿಂದ ಪೂರ್ತಿ ಕೆಲಸವನ್ನ ಕ್ರಮವಾಗಿ ಇಲ್ಲಿ ಬರೀತಿದೀನಿ. ಲೆಕ್ಕದಲ್ಲಿ ತಪ್ಪಾಗೋದು ತುಂಬಾ ಕಮ್ಮಿ, ತಪ್ಪಾಗೋದು ಕೈಕೆಲಸದಲ್ಲಿ. ಮುಳುಗಿರೋ ವಸ್ತುವನ್ನ ದ್ರವ ಮತ್ತು ದಾರ ಇವೆರಡೇ ಮುಟ್ಟಿರಬೇಕು, ಆದ್ರೆ ಮೂರನೇದೇನೋ ಒಂದು ಮುಟ್ಟಿರತ್ತೆ, ಪಾತ್ರೆಯ ತಳವೋ ಗೋಡೆಯೋ ಗಾಳಿಗುಳ್ಳೆಯೋ. ಉತ್ತರ ಕೆಟ್ಟಾಗ ಮೊದಲು ಹುಡುಕಬೇಕಾಗಿರೋದು ಆ ಮೂರನೇದನ್ನ.

## ಅಳೀತಿರೋದು ಏನನ್ನ ಅಂತ ಮೊದಲು ಸ್ಪಷ್ಟ ಮಾಡ್ಕೊಳ್ಳಿ

ಸಾಂದ್ರತೆ ಅಂದ್ರೆ ದ್ರವ್ಯರಾಶಿಯನ್ನ ಗಾತ್ರದಿಂದ ಭಾಗಿಸಿದ್ದು, ಇಲ್ಲಿರೋ ಸಾಂದ್ರತೆಯ ಅಂಕಿಗಳೆಲ್ಲ ಒಂದು ಘನ ಸೆಂ.ಮೀ.ಗೆ ಎಷ್ಟು ಗ್ರಾಂ ಅನ್ನೋ ಲೆಕ್ಕದಲ್ಲಿವೆ. ದ್ರವ್ಯರಾಶಿ ತಕ್ಕಡಿ ಹೇಳತ್ತೆ, ಕಷ್ಟ ಇರೋದು ಗಾತ್ರದಲ್ಲಿ. ಅಡ್ಡಾದಿಡ್ಡಿ ಆಕಾರದ ಕಲ್ಲಿಗೆ ಸ್ಕೇಲಿಟ್ಟು ಗಾತ್ರ ಅಳೆಯಕ್ಕಾಗಲ್ಲ. ಮುಳುಗಿದ ವಸ್ತು ತನ್ನ ಗಾತ್ರದಷ್ಟೇ ದ್ರವವನ್ನ ಪಕ್ಕಕ್ಕೆ ಸರಿಸತ್ತೆ, ಹಾಗೆ ಸರಿದ ದ್ರವದ ತೂಕ ಎಷ್ಟೋ ಅಷ್ಟೇ ಬಲದಿಂದ ದ್ರವ ಆ ವಸ್ತುವನ್ನ ಮೇಲಕ್ಕೆ ತಳ್ಳತ್ತೆ, ಇದು ಆರ್ಕಿಮಿಡೀಸ್ ತತ್ವ, ಆ ಬಲಕ್ಕೆ ಪ್ಲವನ ಬಲ ಅಂತೀವಿ. ನಾವು ಆ ಬಲವನ್ನ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ಓದ್ತೀವಿ, ಅದನ್ನ ದ್ರವದ ಸಾಂದ್ರತೆಯಿಂದ ಭಾಗಿಸಿದ್ರೆ ಗಾತ್ರ ಬಂತು. ಅಂದ್ರೆ ತೂಕ ನೋಡೋದ್ರಿಂದಾನೇ ಗಾತ್ರ ಅಳೀತಿದೀವಿ. ಅಳತೆ ಜಾಡಿಯಲ್ಲಿ ನೀರಿನ ಮಟ್ಟ ಎಷ್ಟು ಏರ್ತು ಅಂತ ಕಣ್ಣಲ್ಲಿ ನೋಡೋದಕ್ಕಿಂತ ಇದು ಎಷ್ಟೋ ನಿಖರ, ಯಾಕಂದ್ರೆ ಜಾಡಿಯಲ್ಲಿ ಅರ್ಧ ಮಿಲಿಲೀಟರ್ ಗುರುತಿಸೋದೇ ಕಷ್ಟ, ಆದ್ರೆ 0.01 ಗ್ರಾಂ ತೋರಿಸೋ ತಕ್ಕಡಿಗೆ ನೂರರಲ್ಲೊಂದು ಮಿಲಿಲೀಟರ್ ನೀರೂ ಕಾಣತ್ತೆ.

## ಎರಡು ವಿಧಾನ ಇದೆ, ಎರಡನೇದನ್ನ ಹಿಡೀರಿ

ಮೊದಲನೇ ವಿಧಾನ ಪಾಠದ ಪುಸ್ತಕದ್ದು. ವಸ್ತುವನ್ನ ತಕ್ಕಡಿಗೇ ನೇತುಹಾಕಿ ಗಾಳಿಯಲ್ಲಿ ಒಂದು ಸಲ, ನೀರಲ್ಲಿ ಮುಳುಗಿಸಿ ಒಂದು ಸಲ ತೂಕ ನೋಡೋದು, ಎಷ್ಟು ತೂಕ ಕಮ್ಮಿ ಆಯ್ತೋ ಅದೇ ಪ್ಲವನ ಬಲ. ಸ್ಪ್ರಿಂಗ್ ತಕ್ಕಡಿ ಇದ್ರೆ ಅಥವಾ ಕೆಳಗಡೆ ಕೊಕ್ಕೆ ಇರೋ ಲ್ಯಾಬ್ ತಕ್ಕಡಿ ಇದ್ರೆ ಇದು ಸರಿ.

ಎರಡನೇದ್ರಲ್ಲಿ ನೀರಿನ ಪಾತ್ರೆಯನ್ನೇ ಡಿಜಿಟಲ್ ತಕ್ಕಡಿ ಮೇಲಿಡ್ತೀವಿ, ವಸ್ತುವನ್ನ ಪಕ್ಕದ ಸ್ಟ್ಯಾಂಡಿಂದ ದಾರದಲ್ಲಿ ಇಳಿಸ್ತೀವಿ. ನೀರು ವಸ್ತುವನ್ನ ಮೇಲಕ್ಕೆ ತಳ್ಳಿದಷ್ಟೇ ವಸ್ತು ನೀರನ್ನ ಕೆಳಕ್ಕೆ ಒತ್ತತ್ತೆ, ಹಾಗಾಗಿ ತಕ್ಕಡಿಯ ರೀಡಿಂಗ್ ಸರಿಯಾಗಿ ಪ್ಲವನ ಬಲದಷ್ಟೇ ಏರತ್ತೆ, ಇದನ್ನೇ ಮುಂದೆ ಏರಿಕೆ ಅಂತ ಕರೀತೀನಿ. ವಸ್ತುವಿನ ಉಳಿದ ತೂಕ ದಾರದ ಮೂಲಕ ಸ್ಟ್ಯಾಂಡ್ ಹೊರತ್ತೆ, ತಕ್ಕಡಿಗೆ ಅದು ಗೊತ್ತೇ ಆಗಲ್ಲ. ಇಲ್ಲಿ ಮಾಮೂಲಿ ಚಪ್ಪಟೆ ತಕ್ಕಡಿ ಸಾಕು, ತೇಲೋ ವಸ್ತುವಿಗೂ ಇದೇ ನಡೆಯತ್ತೆ. ಮುಂದಿನ ಹಂತಗಳೆಲ್ಲ ಈ ಎರಡನೇ ವಿಧಾನಕ್ಕೆ, ಸ್ಪ್ರಿಂಗ್ ತಕ್ಕಡಿ ಇರೋರಿಗೆ ಕೊನೆ ಹತ್ರ ಬೇರೆ ಭಾಗ ಇದೆ.

## ಬೇಕಾಗಿರೋ ಸಾಮಾನು

0.01 ಗ್ರಾಂ ಲೀಸ್ಟ್ ಕೌಂಟ್ (ತಕ್ಕಡಿ ತೋರಿಸೋ ಅತಿ ಸಣ್ಣ ಅಳತೆ) ಇರೋ ಡಿಜಿಟಲ್ ತಕ್ಕಡಿ. 0.1 ಗ್ರಾಮಿಂದಾದ್ರೂ ನಡೆಯತ್ತೆ, ವಸ್ತು ದೊಡ್ಡದಿರಬೇಕು ಅಷ್ಟೇ. ಪಾತ್ರೆ ಪಾರದರ್ಶಕವಾಗಿರಲಿ, ಯಾಕಂದ್ರೆ ತಳ ಮುಟ್ಟಿದೆಯಾ ಇಲ್ವಾ ಅಂತ ಪಕ್ಕದಿಂದ ಬಗ್ಗಿ ನೋಡ್ಬೇಕು, ಸ್ಟೀಲ್ ಲೋಟದಲ್ಲಿ ಅದು ಆಗಲ್ಲ. ಪಾತ್ರೆ, ನೀರು, ಏರಿಕೆ ಮೂರೂ ಸೇರಿ ತಕ್ಕಡಿಯ ಗರಿಷ್ಠ ಮಿತಿ ದಾಟಬಾರದು, 200 ಗ್ರಾಂ ಮಿತಿಯ ಪುಟ್ಟ ತಕ್ಕಡಿ ಇರೋರು ಭಾರದ ಗಾಜಿನ ಬೀಕರ್ ಬಿಟ್ಟು ಹಗುರ ಪ್ಲಾಸ್ಟಿಕ್ ಕಪ್ ತಗೊಳ್ಳಿ.

ದಾರಕ್ಕೆ ಸಣ್ಣ ನೈಲಾನ್ ಎಳೆ, ಮೀನು ಹಿಡಿಯೋ ಗಾಳದ ದಾರ ಇರತ್ತಲ್ಲ ಅದು, ಅಥವಾ ತೆಳು ತಾಮ್ರದ ತಂತಿ. ಹತ್ತಿ ದಾರ ಬೇಡ, ಅದು ನೀರು ಹೀರ್ಕೊಂಡು ಮೇಲಕ್ಕೆ ಎಳೀತಾ ಇರತ್ತೆ, ರೀಡಿಂಗ್ ನಿಲ್ಲೋದೇ ಇಲ್ಲ. ಸ್ಟ್ಯಾಂಡ್ ಯಾವುದಾದ್ರೂ ಆಗತ್ತೆ, ಎರಡು ಕಡೆ ಪುಸ್ತಕದ ಅಟ್ಟಿ ಮಾಡಿ ಮೇಲೊಂದು ಕೋಲು ಅಡ್ಡ ಇಟ್ರೂ ಸಾಕು, ಆದ್ರೆ ಅದು ತಕ್ಕಡಿಯನ್ನಾಗಲೀ ಪಾತ್ರೆಯನ್ನಾಗಲೀ ಎಲ್ಲೂ ಮುಟ್ಟಿರಬಾರದು. ದಾರವನ್ನ ಕೈಯಲ್ಲಿ ಹಿಡ್ಕೊಂಡು ಮಾಡೋದು ಬೇಡ, ಕೈ ನಡುಗಿದ್ರೆ ಕೊನೆಯ ಅಂಕಿ ಕುಣೀತಾನೇ ಇರತ್ತೆ.

ಇದಲ್ಲದೆ ಒಂದು ಥರ್ಮಾಮೀಟರ್, ಗುಳ್ಳೆ ತೆಗೆಯಕ್ಕೆ ಸಣ್ಣ ಬ್ರಷ್, ಪಾತ್ರೆ ತೊಳೆಯೋ ಲಿಕ್ವಿಡ್ ಸೋಪಿನ ಒಂದು ಹನಿ, ಒಣ ಬಟ್ಟೆ.

## ನಿಮ್ಮ ವಸ್ತು ಈ ಪರೀಕ್ಷೆಗೆ ಸರಿಹೋಗತ್ತಾ?

ಇದನ್ನ ಹೆಚ್ಚಿನವರು ಯೋಚನೆ ಮಾಡಲ್ಲ, ನೇರ ಮುಳುಗಿಸಿಬಿಡ್ತಾರೆ. ಮೊದಲು ಸೈಜ್ ನೋಡಿ. ಏರಿಕೆ ನಿಮ್ಮ ತಕ್ಕಡಿಯ ಲೀಸ್ಟ್ ಕೌಂಟಿನ ಕನಿಷ್ಠ 100 ಪಟ್ಟಾದ್ರೂ ಇರಬೇಕು, ಆಗ ಮಾತ್ರ ತಪ್ಪು 1 ಶೇಕಡಾ ಆಸುಪಾಸಿನಲ್ಲಿರತ್ತೆ. 10 ಗ್ರಾಂ ಅಲ್ಯೂಮಿನಿಯಂ ತುಂಡಿನ ಗಾತ್ರ ಸುಮಾರು 3.7 ಘನ ಸೆಂ.ಮೀ., ಅಂದ್ರೆ ನೀರಲ್ಲಿ ಏರಿಕೆ 3.7 ಗ್ರಾಂ. 0.01 ಗ್ರಾಂ ತಕ್ಕಡಿಯಲ್ಲಿ ಒಂದಂಕಿ ಆಚೀಚೆ ಆದ್ರೆ 0.3 ಶೇಕಡಾ ತಪ್ಪು, ಚಿಂತೆ ಇಲ್ಲ. ಅದೇ ತುಂಡನ್ನ 1 ಗ್ರಾಂ ಲೀಸ್ಟ್ ಕೌಂಟಿನ ಅಡುಗೆಮನೆ ತಕ್ಕಡಿಯಲ್ಲಿ ನೋಡಿದ್ರೆ ತಕ್ಕಡಿ 3 ಅಥವಾ 4 ಅಂತ ಹೇಳತ್ತೆ, ಸಾಂದ್ರತೆ 3.3 ಅಥವಾ 2.5, ಇಷ್ಟು ದೊಡ್ಡ ವ್ಯತ್ಯಾಸದಲ್ಲಿ ಯಾವ ಲೋಹ ಅಂತಾನೂ ಹೇಳಕ್ಕಾಗಲ್ಲ. ಸಣ್ಣ ವಸ್ತುಗಳಿದ್ರೆ ಒಂದೇ ಥರದ ಹತ್ತು ಸ್ಕ್ರೂ ಕಟ್ಟಿ ಒಟ್ಟಿಗೆ ಮುಳುಗಿಸಿ.

ಆಮೇಲೆ ವಸ್ತು ನೀರಲ್ಲಿ ಕರಗತ್ತಾ, ನೀರು ಹೀರತ್ತಾ, ತೇಲತ್ತಾ ಅಂತ ನೋಡಿ, ಹೌದು ಅಂದ್ರೆ ಕೆಳಗೆ ಅದಕ್ಕೆ ಬೇರೆ ಭಾಗಗಳಿವೆ. ಸೋಡಿಯಂ, ಪೊಟ್ಯಾಸಿಯಂ, ಸುಡು ಸುಣ್ಣ ಇಂಥ ನೀರಿನ ಜೊತೆ ಜೋರಾಗಿ ಪ್ರತಿಕ್ರಿಯೆ ಮಾಡೋ ವಸ್ತುಗಳನ್ನ ನೀರಿನ ಹತ್ರ ತರಲೇಬೇಡಿ.

## ಹಂತ 1: ಒಣ ತೂಕ, ಎಲ್ಲಕ್ಕಿಂತ ಮೊದಲು

ವಸ್ತುವನ್ನ ತೊಳೆದು ಎಣ್ಣೆ ಜಿಡ್ಡು ತೆಗೆದು ಪೂರ್ತಿ ಒಣಗಿಸಿ. ಆಮೇಲೆ ತೂಕ ಬರ್ಕೊಳ್ಳಿ. ಈ ಕ್ರಮ ತಿರುಗುಮುರುಗು ಮಾಡ್ಬೇಡಿ, ಮೊದಲು ನೀರಲ್ಲಿ ನೋಡಿ ಆಮೇಲೆ ಒರೆಸಿ ತೂಕ ಹಾಕಿದ್ರೆ ಸ್ಕ್ರೂ ಸುತ್ತುಗಳಲ್ಲಿ, ಸಂದಿಗಳಲ್ಲಿ ನೀರು ಉಳಿದು ಒಣ ತೂಕ ಜಾಸ್ತಿ ತೋರಿಸತ್ತೆ, ಸಾಂದ್ರತೆನೂ ಜಾಸ್ತಿ ಬರತ್ತೆ. ದಾರ ಕಟ್ಟೋದು ಈ ತೂಕ ಆದ ಮೇಲೆ.

## ಹಂತ 2: ನೀರನ್ನ ತಯಾರು ಮಾಡಿ

ನಲ್ಲಿಯಿಂದ ಆಗ ತಾನೇ ಹಿಡಿದ ನೀರಲ್ಲಿ ಗಾಳಿ ಕರಗಿರತ್ತೆ, ಅದು ನಿಧಾನಕ್ಕೆ ಗುಳ್ಳೆಯಾಗಿ ವಸ್ತುವಿನ ಮೈಗೆ ಅಂಟ್ಕೊಳ್ಳತ್ತೆ. ನೀರನ್ನ ಕುದಿಸಿ, ಮುಚ್ಚಿಟ್ಟು, ರೂಮಿನ ಉಷ್ಣತೆಗೆ ಬರೋವರೆಗೂ ಆರಿಸಿ. ಡಿಸ್ಟಿಲ್ಡ್ ವಾಟರ್ ಸಿಕ್ಕಿದ್ರೆ ಇನ್ನೂ ಒಳ್ಳೇದು, ಅದನ್ನೂ ಕುದಿಸಿ ಆರಿಸಿ. ಬಿಸಿ ಇರೋವಾಗ್ಲೇ ಶುರು ಮಾಡ್ಬೇಡಿ, ಆವಿ ಹೋಗ್ತಾ ಇದ್ರೆ ರೀಡಿಂಗ್ ಇಳೀತಾನೇ ಇರತ್ತೆ, ನೀರಿನ ಸಾಂದ್ರತೆಯೂ ಬದಲಾಗ್ತಾ ಇರತ್ತೆ.

ಆರಿದ ಮೇಲೆ ಒಂದು ಹನಿ ಸೋಪ್ ಹಾಕಿ ನೊರೆ ಬರದ ಹಾಗೆ ಮೆಲ್ಲಗೆ ಕಲಸಿ. ಇದ್ರಿಂದ ನೀರು ವಸ್ತುವಿನ ಮೈಗೆ ಚೆನ್ನಾಗಿ ಹರಡತ್ತೆ, ಗುಳ್ಳೆ ನಿಲ್ಲಲ್ಲ, ಒಂದು ಹನಿಯಿಂದ ಸಾಂದ್ರತೆಯಲ್ಲಿ ಕಾಣೋವಷ್ಟು ಬದಲಾವಣೆ ಆಗಲ್ಲ.

ಥರ್ಮಾಮೀಟರ್ ಇಟ್ಟು ಉಷ್ಣತೆ ಬರ್ಕೊಳ್ಳಿ. ನೀರಿನ ಸಾಂದ್ರತೆ 1 ಅಂತ ಕಣ್ಣು ಮುಚ್ಕೊಂಡು ಹಾಕೋದು ಸರಿಯಲ್ಲ. ಒಂದು ಘನ ಸೆಂ.ಮೀ.ಗೆ ಎಷ್ಟು ಗ್ರಾಂ ಅನ್ನೋದು ಹೀಗಿದೆ:

15 ಡಿಗ್ರಿ ಸೆಲ್ಸಿಯಸ್: 0.9991
20 ಡಿಗ್ರಿ: 0.9982
25 ಡಿಗ್ರಿ: 0.9970
30 ಡಿಗ್ರಿ: 0.9957
35 ಡಿಗ್ರಿ: 0.9940

ನಡುವಿನ ಡಿಗ್ರಿಗೆ ನಡುವಿನ ಬೆಲೆ ಅಂದಾಜು ಮಾಡ್ಕೊಳ್ಳಿ. 30 ಡಿಗ್ರಿಯಲ್ಲಿ 1 ಅಂತ ತಗೊಂಡ್ರೆ 0.4 ಶೇಕಡಾ ತಪ್ಪು ಸುಮ್ಮನೆ ಒಳಗೆ ಬಂದ ಹಾಗೆ, ಥರ್ಮಾಮೀಟರ್ ನೋಡೋ ಅರ್ಧ ನಿಮಿಷದ ಕೆಲಸಕ್ಕೆ ಅದನ್ನ ಬಿಟ್ಕೊಡೋದ್ಯಾಕೆ.

## ಹಂತ 3: ದಾರ ಕಟ್ಟಿ, ಎತ್ತರ ಮೊದಲೇ ಅಳತೆ ಮಾಡಿ

ವಸ್ತುವಿಗೆ ಒಂದೇ ಸುತ್ತು ದಾರ, ಒಂದು ಸಣ್ಣ ಗಂಟು. ದಾರವನ್ನ ನಾಲ್ಕೈದು ಸುತ್ತು ಸುತ್ತಿದ್ರೆ ಆ ಸುತ್ತುಗಳ ಮಧ್ಯೆನೇ ಗಾಳಿ ಸಿಕ್ಕಾಕೊಳ್ಳತ್ತೆ. ದಾರದ ದಪ್ಪ ಯಾಕೆ ಮುಖ್ಯ ಅಂದ್ರೆ, 1 ಮಿ.ಮೀ. ದಪ್ಪದ ದಾರ 5 ಸೆಂ.ಮೀ. ಮುಳುಗಿದ್ರೆ ಅದೇ ಸುಮಾರು 0.04 ಗ್ರಾಂ ನೀರು ಸರಿಸತ್ತೆ, ಜೊತೆಗೆ ನೀರಿನ ಮೇಲ್ಮೈ ಸೆಳೆತ ಅದರ ಮೇಲೆ 0.02 ಗ್ರಾಂ ಆಸುಪಾಸು ಎಳೆಯತ್ತೆ. 0.2 ಮಿ.ಮೀ. ಎಳೆ ಆದ್ರೆ ಮೊದಲನೇದು 0.002 ಗ್ರಾಂಗಿಂತ ಕಮ್ಮಿ, ಎರಡನೇದು ಸುಮಾರು 0.005, ಎರಡನ್ನೂ ಮರೀಬಹುದು.

ಪಾತ್ರೆಯನ್ನ ತಕ್ಕಡಿ ಮೇಲಿಡೋ ಮುಂಚೆ, ಖಾಲಿ ಪಾತ್ರೆಯ ಹೊರಗಡೆ ಪಕ್ಕಕ್ಕೆ ವಸ್ತುವನ್ನ ಹಿಡಿದು ದಾರದ ಉದ್ದ ನೋಡ್ಕೊಳ್ಳಿ. ವಸ್ತು ಪೂರ್ತಿ ಮುಳುಗಿ ಅದರ ಮೇಲೆ ಕನಿಷ್ಠ 1 ಸೆಂ.ಮೀ. ನೀರಿರಬೇಕು, ಕೆಳಗೆ ತಳದಿಂದ 1 ಸೆಂ.ಮೀ., ಸುತ್ತಲೂ ಅಷ್ಟೇ ಜಾಗ. ಇಷ್ಟು ಜಾಗ ಸಿಗಲ್ಲ ಅಂದ್ರೆ ಪಾತ್ರೆ ಬದಲಾಯಿಸಿ.

## ಹಂತ 4: ಪಾತ್ರೆ ಇಟ್ಟು ಮೊದಲ ರೀಡಿಂಗ್

ನೀರು ತುಂಬಿದ ಪಾತ್ರೆಯನ್ನ ತಕ್ಕಡಿ ಮಧ್ಯದಲ್ಲಿಡಿ. ಫ್ಯಾನ್ ಆಫ್ ಮಾಡಿ, ಕಿಟಕಿ ಗಾಳಿ ಇದ್ರೆ ಮುಚ್ಚಿ. ಪಾತ್ರೆ ಹೊರಗಡೆ ನೀರಿನ ಹನಿ ಇದ್ರೆ ಒರೆಸಿ.

ಎಲ್ರೂ ಇಲ್ಲಿ ಟೇರ್ ಬಟನ್ ಒತ್ತಿ ಸೊನ್ನೆ ಮಾಡ್ತಾರೆ. ಒತ್ತಬೇಡಿ ಅನ್ನೋದು ನನ್ನ ಸಲಹೆ. ಕಾರಣ ಎರಡು. ಸಣ್ಣ ತಕ್ಕಡಿಗಳು ಸ್ವಲ್ಪ ಹೊತ್ತು ಸುಮ್ಮನಿದ್ರೆ ತಾವಾಗೇ ಆಫ್ ಆಗ್ತವೆ, ನೀವು ಗುಳ್ಳೆ ತೆಗೀತಿರೋವಾಗ ಆಫ್ ಆದ್ರೆ ಟೇರ್ ಹೋಯ್ತು, ಮತ್ತೆ ಮೊದಲಿಂದ. ಎರಡನೇದು ಇನ್ನೂ ಮೋಸದ್ದು: ಬಹಳಷ್ಟು ತಕ್ಕಡಿಗಳಲ್ಲಿ ಸೊನ್ನೆ ಹತ್ರ ಆಗೋ ಸಣ್ಣ ನಿಧಾನದ ಬದಲಾವಣೆಯನ್ನ ತಾನೇ ನುಂಗಿ ಸೊನ್ನೆಯಲ್ಲೇ ನಿಲ್ಲಿಸೋ ಆಟೋ ಝೀರೋ ಇರತ್ತೆ, ನೀವು ಹುಷಾರಾಗಿ ನಿಧಾನಕ್ಕೆ ವಸ್ತು ಇಳಿಸಿದಷ್ಟೂ ಮೊದಮೊದಲ ಏರಿಕೆಯನ್ನ ಅದು ತಿಂದುಬಿಡತ್ತೆ. ಪಾತ್ರೆಯ ಪೂರ್ತಿ ತೂಕ ಪರದೆ ಮೇಲೆ ಇರೋ ಹಾಗೇ ಬಿಟ್ಟು ಬರ್ಕೊಳ್ಳಿ, ಆಮೇಲೆ ಕಳೆಯೋದು ದೊಡ್ಡ ಕೆಲಸ ಏನಲ್ಲ.

## ಹಂತ 5: ಮುಳುಗಿಸೋದು

ವಸ್ತುವನ್ನ ಓರೆಯಾಗಿ ಹಿಡಿದು ಇಳಿಸಿ, ಚಪ್ಪಟೆ ಮೈ ನೇರ ನೀರಿಗೆ ಬಡಿದ್ರೆ ಅಡಿಯಲ್ಲಿ ಗಾಳಿ ಸಿಕ್ಕಾಕೊಳ್ಳತ್ತೆ. ನೀರು ಚಿಮ್ಮಬಾರದು, ಒಂದು ಹನಿ ಆಚೆ ಬಿದ್ರೂ ಅದು ಸುಮಾರು 0.05 ಗ್ರಾಂ, ಮೊದಲ ರೀಡಿಂಗ್ ಇನ್ನು ಉಪಯೋಗಕ್ಕೆ ಬರಲ್ಲ. ದಾರವನ್ನ ಸ್ಟ್ಯಾಂಡಿಗೆ ಕಟ್ಟಿ ಕೈ ಬಿಟ್ಟು ವಸ್ತು ತೂಗಾಡೋದು ನಿಲ್ಲೋವರೆಗೂ ಕಾಯಿರಿ.

ಈಗ ಕಣ್ಣನ್ನ ಪಾತ್ರೆಯ ತಳದ ಮಟ್ಟಕ್ಕೆ ತಂದು ಪಕ್ಕದಿಂದ ನೋಡಿ. ಮೇಲಿಂದ ನೋಡಿದ್ರೆ ನೀರಿನ ವಕ್ರೀಭವನದಿಂದ ತಳ ಮೇಲೆ ಬಂದ ಹಾಗೆ ಕಾಣತ್ತೆ, ಅಂತರ ಎಷ್ಟಿದೆ ಅಂತ ಗೊತ್ತಾಗಲ್ಲ. ವಸ್ತು ತಳಕ್ಕೆ ತಾಗಿದ್ರೆ ಅದರ ತೂಕದ ಒಂದು ಪಾಲು ನೇರವಾಗಿ ತಕ್ಕಡಿ ಮೇಲೆ ಕೂತ್ಕೊಳ್ಳತ್ತೆ, ಆಗ ನೀವು ಓದ್ತಿರೋದು ಪ್ಲವನ ಬಲ ಅಲ್ಲವೇ ಅಲ್ಲ. ಗೋಡೆಗೆ ಒರಗಿದ್ರೂ ಅಷ್ಟೇ.

## ಹಂತ 6: ಗುಳ್ಳೆ ಬೇಟೆ, ಆಮೇಲೆ ಎರಡನೇ ರೀಡಿಂಗ್

ಬ್ರಷ್ಷನ್ನ ಮೊದಲೇ ಅದೇ ನೀರಲ್ಲಿ ಬೇರೆ ಲೋಟದಲ್ಲಿ ನೆನೆಸಿಟ್ಟಿರಿ. ವಸ್ತುವಿನ ಮೈ, ಅಡಿಭಾಗ, ತೂತುಗಳ ಬಾಯಿ, ದಾರದ ಗಂಟು ಎಲ್ಲ ಕಡೆ ಮೆಲ್ಲಗೆ ಸವರಿ. ಬೋಲ್ಟಿನ ಸುತ್ತುಗಳು ಮತ್ತು ಒಂದೇ ಕಡೆ ಬಾಯಿ ಇರೋ ತೂತು, ಇವೆರಡು ಗುಳ್ಳೆ ಬಚ್ಚಿಟ್ಕೊಳ್ಳೋ ಜಾಗ. ಅಂಥ ತೂತಿದ್ರೆ ಅದರ ಬಾಯಿ ಮೇಲಕ್ಕೆ ಬರೋ ಹಾಗೆ ದಾರ ಕಟ್ಟಿ. 3 ಮಿ.ಮೀ. ಅಡ್ಡಳತೆಯ ಒಂದು ಗುಳ್ಳೆ ಸುಮಾರು 0.014 ಘನ ಸೆಂ.ಮೀ., ಒಂದಿದ್ರೆ ಪರವಾಗಿಲ್ಲ ಅನ್ಸತ್ತೆ, ಹತ್ತು ಸೇರಿದ್ರೆ ಏರಿಕೆ 0.14 ಗ್ರಾಂ ಜಾಸ್ತಿ ಆಗತ್ತೆ, ಅದೂ ಯಾವಾಗ್ಲೂ ಒಂದೇ ದಿಕ್ಕಿಗೆ. ಗುಳ್ಳೆ ಗಾತ್ರವನ್ನ ಹೆಚ್ಚಿಸತ್ತೆ, ಸಾಂದ್ರತೆಯನ್ನ ಇಳಿಸತ್ತೆ. ಹತ್ತು ಸಲ ಮಾಡಿ ಸರಾಸರಿ ತಗೊಂಡ್ರೂ ಈ ತಪ್ಪು ಹೋಗಲ್ಲ.

ಬ್ರಷ್ ತೆಗೆದಾಗ ಅದರ ಜೊತೆ ಸ್ವಲ್ಪ ನೀರು ಆಚೆ ಬಂದೇ ಬರತ್ತೆ. ಹಾಗಾಗಿ ಎರಡನೇ ರೀಡಿಂಗ್ ತಗೊಂಡ ಮೇಲೆ ವಸ್ತುವನ್ನ ನಿಧಾನಕ್ಕೆ ಎತ್ತಿ, ಅದಕ್ಕೆ ಅಂಟಿದ ನೀರು ಹನಿಹನಿಯಾಗಿ ವಾಪಸ್ ಪಾತ್ರೆಗೇ ಬೀಳೋ ಹಾಗೆ ಹಿಡಿದು, ಬರೀ ನೀರಿನ ರೀಡಿಂಗ್ ಇನ್ನೊಂದು ಸಲ ನೋಡಿ. ಮೊದಲಿನದ್ದಕ್ಕೂ ಇದಕ್ಕೂ 0.05 ಗ್ರಾಂಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಈ ಸಲದ ಅಳತೆ ಬಿಟ್ಟುಬಿಡಿ, ಮತ್ತೆ ಹಂತ 4ರಿಂದ ಮಾಡಿ, ಈ ಸಲ ಗುಳ್ಳೆ ಬರಲ್ಲ ಯಾಕಂದ್ರೆ ವಸ್ತು ಆಗಲೇ ಒದ್ದೆಯಾಗಿದೆ, ಬ್ರಷ್ ಬೇಕಾಗಲ್ಲ. ಒದ್ದೆ ವಸ್ತುವಿನಿಂದ ಒಂದೆರಡು ಹನಿ ಪಾತ್ರೆಗೆ ಸೇರಬಾರದು ಅಂತಿದ್ರೆ ಇಳಿಸೋ ಮುಂಚೆ ಮೈಮೇಲಿನ ಜೋಲು ಹನಿಗಳನ್ನ ಬಟ್ಟೆಗೆ ತಾಗಿಸಿ ತೆಗೀರಿ.

## ಹಂತ 7: ಲೆಕ್ಕ

ಏರಿಕೆ = ಎರಡನೇ ರೀಡಿಂಗ್ − ಮೊದಲ ರೀಡಿಂಗ್

ಸಾಂದ್ರತೆ = (ಒಣ ತೂಕ ÷ ಏರಿಕೆ) × ದ್ರವದ ಸಾಂದ್ರತೆ

ಉದಾಹರಣೆಗೆ ಉಕ್ಕಿನ ಬೋಲ್ಟ್, ಒಣ ತೂಕ 78.42 ಗ್ರಾಂ, ಮೊದಲ ರೀಡಿಂಗ್ 312.15, ಎರಡನೇದು 322.13, ಏರಿಕೆ 9.98 ಗ್ರಾಂ. ನೀರು 28 ಡಿಗ್ರಿ, ಸಾಂದ್ರತೆ 0.9962. 78.42 ÷ 9.98 ಅಂದ್ರೆ 7.858, ಅದನ್ನ 0.9962ರಿಂದ ಗುಣಿಸಿದ್ರೆ 7.83. ಕ್ಯಾಲ್ಕುಲೇಟರ್ ಎಂಟು ಅಂಕಿ ತೋರಿಸತ್ತೆ ಅಂತ ಎಲ್ಲಾನೂ ಬರೀಬೇಡಿ. ಏರಿಕೆಯಲ್ಲಿ ಮೂರು ಅಂಕಿ ಇದ್ರೆ ಉತ್ತರದಲ್ಲೂ ಮೂರೇ.

ಗಾಳಿ ಕೂಡ ವಸ್ತುವನ್ನ ಸ್ವಲ್ಪ ಮೇಲಕ್ಕೆ ತಳ್ಳತ್ತೆ. ಗಾಳಿಯ ಸಾಂದ್ರತೆ ಸುಮಾರು 0.0012, ಇದರಿಂದ ಉಕ್ಕಿನಂಥ ವಸ್ತುವಿಗೆ ಆಗೋ ವ್ಯತ್ಯಾಸ ಸುಮಾರು 0.1 ಶೇಕಡಾ. ಮಿಲಿಗ್ರಾಂ ತೋರಿಸೋ ತಕ್ಕಡಿ ಇರೋರು ಮಾತ್ರ ಇದನ್ನ ಲೆಕ್ಕಕ್ಕೆ ತಗೊಳ್ಳಿ, ದ್ರವದ ಸಾಂದ್ರತೆಯಿಂದ 0.0012 ಕಳೆದು ಗುಣಿಸಿ, ಕೊನೆಗೆ ಬಂದ ಉತ್ತರಕ್ಕೆ 0.0012 ಕೂಡಿಸಿ.

## ಹಂತ 8: ಗೊತ್ತಿರೋ ವಸ್ತುವಿನಿಂದ ಒಂದು ಪರೀಕ್ಷೆ

ನಿಮ್ಮ ಸೆಟಪ್ ಸರಿ ಇದೆಯಾ ಅಂತ ತಿಳ್ಕೊಳ್ಳೋ ನೇರ ದಾರಿ ಇದು. ಶುದ್ಧ ತಾಮ್ರದ ದಪ್ಪ ತಂತಿಯ ತುಂಡು ಅಥವಾ ಅಲ್ಯೂಮಿನಿಯಂ ತುಂಡು ತಗೊಂಡು ಇದೇ ಹಂತಗಳನ್ನ ಮಾಡಿ. ತಾಮ್ರಕ್ಕೆ 8.96, ಅಲ್ಯೂಮಿನಿಯಮ್ಮಿಗೆ 2.70, ಕಬ್ಬಿಣಕ್ಕೆ 7.87, ಸೀಸಕ್ಕೆ 11.34, ಸ್ಫಟಿಕ ಶಿಲೆಗೆ (ಕ್ವಾರ್ಟ್ಸ್) 2.65 ಬರಬೇಕು. ಮಿಶ್ರಲೋಹಗಳಿಗೆ ಒಂದೇ ಅಂಕಿ ಇರಲ್ಲ, ಹಿತ್ತಾಳೆ 8.4ರಿಂದ 8.7ರ ನಡುವೆ ಎಲ್ಲಿ ಬೇಕಾದ್ರೂ ಬರಬಹುದು, ಅದನ್ನ ಪರೀಕ್ಷೆಗೆ ಬಳಸಬೇಡಿ. ಗೊತ್ತಿರೋ ವಸ್ತುವಿಗೇ 2 ಶೇಕಡಾ ತಪ್ಪು ಬರ್ತಿದ್ರೆ ಗೊತ್ತಿಲ್ಲದ್ದನ್ನ ಅಳೆಯೋ ಮುಂಚೆ ಕೆಳಗಿನ ಭಾಗ ಓದಿ.

## ಎಚ್ಚರಿಕೆ ಲಕ್ಷಣಗಳು: ರೀಡಿಂಗ್ ಏನು ಹೇಳ್ತಿದೆ

ಉತ್ತರ ಸರಿಯಾಗಿ 1.00 ಆಸುಪಾಸು ಬಂತು ಅಂದ್ರೆ ವಸ್ತು ತಳದ ಮೇಲೆ ಕೂತಿದೆ. ಆಗ ಏರಿಕೆ ಅನ್ನೋದು ವಸ್ತುವಿನ ಪೂರ್ತಿ ತೂಕವೇ ಆಗಿರತ್ತೆ, ತೂಕವನ್ನ ಅದೇ ತೂಕದಿಂದ ಭಾಗಿಸಿದ್ರೆ 1, ಉಳಿಯೋದು ನೀರಿನ ಸಾಂದ್ರತೆ ಮಾತ್ರ. ಕಲ್ಲಾಗಲಿ ಕಬ್ಬಿಣವಾಗಲಿ ಎಲ್ಲಕ್ಕೂ 1 ಬರ್ತಿದೆ ಅನ್ನೋರಿಗೆ ಇದೇ ಆಗ್ತಿರೋದು, ಬೇರೇನೂ ಹುಡುಕಬೇಡಿ, ದಾರ ಗಿಡ್ಡ ಮಾಡಿ. ದಾರ ಅರ್ಧ ಸಡಿಲ ಇದ್ರೆ ಉತ್ತರ 1ಕ್ಕೂ ನಿಜವಾದ ಬೆಲೆಗೂ ಮಧ್ಯೆ ಎಲ್ಲೋ ಬರತ್ತೆ, ಪ್ರತಿ ಸಲ ಬೇರೆ ಬೇರೆ.

ಉತ್ತರ ಪ್ರತಿ ಸಲವೂ ಸ್ವಲ್ಪ ಕಮ್ಮಿನೇ ಬರ್ತಿದ್ರೆ ಗುಳ್ಳೆ, ಇಲ್ಲಾ ವಸ್ತುವಿನ ಒಳಗೆ ಟೊಳ್ಳು.

ರೀಡಿಂಗ್ ಇಳೀತಾ ಹೋದ್ರೆ ಹೇಗೆ ಇಳೀತಿದೆ ಅಂತ ಗಮನ ಕೊಟ್ಟು ನೋಡಿ. ತಟಕ್ ತಟಕ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಇಳಿದ್ರೆ ಗುಳ್ಳೆಗಳು ಒಂದೊಂದೇ ಬಿಡ್ತಿವೆ. ಮೊದಲು ಬೇಗ ಆಮೇಲೆ ನಿಧಾನ ಆಗ್ತಾ ಇಳಿದು ನಿಂತ್ರೆ ವಸ್ತು ನೀರು ಹೀರ್ತಿದೆ. ವಸ್ತು ತೆಗೆದ ಮೇಲೂ ಒಂದೇ ವೇಗದಲ್ಲಿ ಇಳೀತಿದ್ರೆ ದ್ರವ ಆವಿಯಾಗ್ತಿದೆ, ನೀರು ಬಿಸಿ ಇದೆ ಅಥವಾ ಆಲ್ಕೋಹಾಲ್ ಥರದ ದ್ರವ ಬಳಸ್ತಿದೀರ.

ರೀಡಿಂಗ್ ಸುಮ್ಮನೆ ಮೇಲೆ ಕೆಳಗೆ ಆಡ್ತಿದ್ರೆ ಗಾಳಿ, ತೂಗಾಟ, ಅಥವಾ ಮೇಜು ಅಲುಗಾಡ್ತಿದೆ.

ಮುಳುಗಿಸೋ ಆಳ ಬದಲಾಯಿಸಿದ್ರೆ ರೀಡಿಂಗ್ ಬದಲಾಗಬಾರದು. ವಸ್ತು ಪೂರ್ತಿ ಮುಳುಗಿದ ಮೇಲೆ 1 ಸೆಂ.ಮೀ. ಕೆಳಗಿದ್ರೂ 3 ಸೆಂ.ಮೀ. ಕೆಳಗಿದ್ರೂ ಪ್ಲವನ ಬಲ ಅಷ್ಟೇ, ಎಷ್ಟೋ ಜನ ಆಳ ಹೆಚ್ಚಾದ್ರೆ ಬಲ ಹೆಚ್ಚತ್ತೆ ಅಂದ್ಕೊಂಡಿರ್ತಾರೆ. ಬದಲಾಯ್ತು ಅಂದ್ರೆ ದಾರ ದಪ್ಪ ಇದೆ ಅಥವಾ ಎಲ್ಲೋ ತಾಗ್ತಿದೆ.

## ವಸ್ತು ತೇಲಿದ್ರೆ

ಮರದ ತುಂಡು, ಮೇಣ, ಕೆಲವು ಪ್ಲಾಸ್ಟಿಕ್ ಮುಳುಗಲ್ಲ. ದಾರದ ಬದಲು ತೆಳು ಸೂಜಿಯನ್ನ ಸ್ಟ್ಯಾಂಡಿಗೆ ಗಟ್ಟಿಯಾಗಿ ಕಟ್ಟಿ ಅದರ ತುದಿಯಿಂದ ವಸ್ತುವನ್ನ ನೀರಿನ ಮಟ್ಟದಿಂದ ಕೆಳಕ್ಕೆ ಒತ್ತಿ ಹಿಡೀರಿ. ಏರಿಕೆ ಈಗಲೂ ವಸ್ತು ಸರಿಸಿದ ನೀರಿನ ತೂಕವೇ, ಸೂತ್ರ ಒಂಚೂರೂ ಬದಲಾಗಲ್ಲ. 42.6 ಗ್ರಾಂ ಮರದ ತುಂಡು, 25 ಡಿಗ್ರಿ ನೀರಲ್ಲಿ ಏರಿಕೆ 63.5 ಗ್ರಾಂ ಬಂದ್ರೆ ಸಾಂದ್ರತೆ 0.67. ಒತ್ತದೆ ಸುಮ್ಮನೆ ತೇಲಕ್ಕೆ ಬಿಟ್ಟು ಓದಿದ್ರೆ ಏರಿಕೆ 42.6 ಅಂತಾನೇ ಬರತ್ತೆ, ಮತ್ತೆ ಅದೇ 1ರ ಉತ್ತರ.

ಸೂಜಿಯಿಂದ ಒತ್ತೋವಾಗ ವಸ್ತು ಜಾರಿ ಹೋಗ್ತಿದ್ರೆ ಕೆಳಗೆ ಒಂದು ಲೋಹದ ಭಾರ ಕಟ್ಟಿ ಎರಡನ್ನೂ ದಾರದಲ್ಲಿ ನೇತುಹಾಕಿ. ಮೊದಲು ಬರೀ ಭಾರದ ಏರಿಕೆ, ಆಮೇಲೆ ಎರಡೂ ಸೇರಿದ ಏರಿಕೆ, ವ್ಯತ್ಯಾಸ ನಿಮ್ಮ ವಸ್ತುವಿನದ್ದು. ಮರ ನೀರು ಹೀರೋ ವಸ್ತು ಅನ್ನೋದು ನೆನಪಿರಲಿ, ರೀಡಿಂಗ್ ಬೇಗ ತಗೊಳ್ಳಿ ಅಥವಾ ತೆಳುವಾಗಿ ವಾರ್ನಿಶ್ ಬಳಿದು ಒಣಗಿಸಿ, ಒಣ ತೂಕವನ್ನ ಅದಾದ ಮೇಲೆ ನೋಡಿ.

## ನೀರಲ್ಲಿ ಕರಗೋ ವಸ್ತು

ಉಪ್ಪಿನ ಹರಳು, ಪಟಿಕದ ತುಂಡು ಇವಕ್ಕೆ ಸೀಮೆಎಣ್ಣೆ ಬಳಸ್ತಾರೆ, ಅದರಲ್ಲಿ ಇವು ಕರಗಲ್ಲ. ಬೆಂಕಿ, ಸ್ಟವ್, ಕಿಡಿ ಯಾವುದೂ ಹತ್ರ ಇರಬಾರದು, ಗಾಳಿಯಾಡೋ ಜಾಗದಲ್ಲಿ ಮಾಡಿ. ಸೋಪ್ ಹನಿ ಇಲ್ಲಿ ಬೇಡ.

ಸೀಮೆಎಣ್ಣೆಯ ಸಾಂದ್ರತೆ ಒಂದೊಂದು ಕಡೆಯದ್ದು ಒಂದೊಂಥರ, 0.8 ಅಂತ ಅಂದಾಜಿಗೆ ಹಾಕ್ಬೇಡಿ, ನೀವೇ ಅಳೀರಿ, ಅದೂ ಸುಲಭ. ಒಂದು ಗಾಜಿನ ಗುಂಡನ್ನ ನೀರಲ್ಲಿ ಮುಳುಗಿಸಿ ಏರಿಕೆ ನೋಡಿ, ಚೆನ್ನಾಗಿ ಒಣಗಿಸಿ ಸೀಮೆಎಣ್ಣೆಯಲ್ಲಿ ಮುಳುಗಿಸಿ ಏರಿಕೆ ನೋಡಿ. 25 ಡಿಗ್ರಿ ನೀರಲ್ಲಿ 24.92 ಗ್ರಾಂ, ಎಣ್ಣೆಯಲ್ಲಿ 20.05 ಗ್ರಾಂ ಬಂದ್ರೆ, 20.05 ÷ 24.92 × 0.9970, ಅಂದ್ರೆ ಎಣ್ಣೆಯ ಸಾಂದ್ರತೆ 0.802. ಇದನ್ನ ಹಂತ 7ರ ಸೂತ್ರದಲ್ಲಿ ಹಾಕಿ. ಉಪ್ಪಿನ ಒಳ್ಳೆ ಹರಳಿಗೆ 2.16 ಹತ್ರ ಬರಬೇಕು. ಎಣ್ಣೆಯ ಉಷ್ಣತೆ ಎರಡು ಅಳತೆಗಳ ನಡುವೆ ಬದಲಾಗಬಾರದು, ನೀರಿಗಿಂತ ಎಣ್ಣೆ ಉಷ್ಣತೆಗೆ ಜಾಸ್ತಿ ಹಿಗ್ಗತ್ತೆ.

## ನೀರು ಹೀರೋ ವಸ್ತು: ಇಟ್ಟಿಗೆ, ಮಣ್ಣಿನ ಪಾತ್ರೆ ಚೂರು, ಸರಂಧ್ರ ಕಲ್ಲು

ಇಲ್ಲಿ ಮೊದಲು ನಿಮಗೆ ಯಾವ ಸಾಂದ್ರತೆ ಬೇಕು ಅಂತ ತೀರ್ಮಾನ ಮಾಡಿ. ರಂಧ್ರಗಳನ್ನೂ ಸೇರಿಸಿದ ಒಟ್ಟು ಗಾತ್ರದ್ದಾ, ಅಥವಾ ಗಟ್ಟಿ ಪದಾರ್ಥದ್ದು ಮಾತ್ರನಾ? ಎರಡೂ ಒಂದೇ ಪ್ರಯೋಗದಲ್ಲಿ ಸಿಗತ್ತೆ, ಹೀಗೆ ಮಾಡಿ.

ಚೂರನ್ನ ಪೂರ್ತಿ ಒಣಗಿಸಿ ತೂಕ ನೋಡಿ, 50.0 ಗ್ರಾಂ ಅಂತಿಟ್ಕೊಳ್ಳಿ. ನೀರಲ್ಲಿ ಹಾಕಿ ಒಂದೆರಡು ಗಂಟೆ ಕುದಿಸಿ ಅದೇ ನೀರಲ್ಲಿ ಆರಕ್ಕೆ ಬಿಡಿ, ಕುದಿಯೋವಾಗ ರಂಧ್ರದ ಗಾಳಿ ಹೊರಗೆ ಬಂದು ಆರೋವಾಗ ನೀರು ಒಳಗೆ ಹೋಗತ್ತೆ. ಹೊರಗೆ ತೆಗೆದು ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಮೇಲ್ಮೈ ಮಾತ್ರ ಒರೆಸಿ ತಕ್ಷಣ ತೂಕ ನೋಡಿ, 56.0 ಗ್ರಾಂ. ಒಣ ಬಟ್ಟೆಯಲ್ಲಿ ಒರೆಸಿದ್ರೆ ರಂಧ್ರದೊಳಗಿನ ನೀರನ್ನೂ ಎಳ್ಕೊಂಡುಬಿಡತ್ತೆ. ಈಗ ಮಾಮೂಲಿ ಹಾಗೆ ಮುಳುಗಿಸಿ ಏರಿಕೆ ನೋಡಿ, 26.0 ಗ್ರಾಂ. ಲೆಕ್ಕ ಸರಳವಾಗಲಿ ಅಂತ ಇಲ್ಲಿ ನೀರಿನ ಸಾಂದ್ರತೆ 1 ಅಂತ ತಗೊಂಡಿದೀನಿ. ಒಟ್ಟು ಗಾತ್ರ 26, ರಂಧ್ರಗಳ ಗಾತ್ರ 56 − 50 = 6, ಗಟ್ಟಿ ಭಾಗದ ಗಾತ್ರ 20. ಒಟ್ಟಾರೆ ಸಾಂದ್ರತೆ 50 ÷ 26 = 1.92, ಪದಾರ್ಥದ ಸಾಂದ್ರತೆ 50 ÷ 20 = 2.50, ರಂಧ್ರಗಳ ಪಾಲು ಸುಮಾರು 23 ಶೇಕಡಾ. ನೀರು ಒಳಗೆ ಹೋಗಕ್ಕೆ ದಾರಿನೇ ಇಲ್ಲದ ಮುಚ್ಚಿದ ರಂಧ್ರಗಳು ಈ ಲೆಕ್ಕದಲ್ಲಿ ಗಟ್ಟಿ ಭಾಗದ ಜೊತೆಗೇ ಸೇರ್ಕೊಂಡಿರತ್ತೆ.

## ಸ್ಪ್ರಿಂಗ್ ತಕ್ಕಡಿ ಮಾತ್ರ ಇರೋರಿಗೆ

ವಸ್ತುವನ್ನ ಕೊಕ್ಕೆಗೆ ನೇತುಹಾಕಿ ಗಾಳಿಯಲ್ಲಿ ಓದಿ, ಪಾತ್ರೆಯನ್ನ ಕೆಳಗಿಂದ ಎತ್ತಿ ವಸ್ತು ಮುಳುಗೋ ಹಾಗೆ ಮಾಡಿ ಮತ್ತೆ ಓದಿ. ಗಾಳಿಯ ರೀಡಿಂಗನ್ನ ಎರಡರ ವ್ಯತ್ಯಾಸದಿಂದ ಭಾಗಿಸಿ ನೀರಿನ ಸಾಂದ್ರತೆಯಿಂದ ಗುಣಿಸಿ. ಗಾಳಿಯಲ್ಲಿ 2.00 ನ್ಯೂಟನ್, ನೀರಲ್ಲಿ 1.26 ನ್ಯೂಟನ್ ಬಂದ್ರೆ ವ್ಯತ್ಯಾಸ 0.74, ಸಾಂದ್ರತೆ 2.7. ಮುಳುಗಿದಾಗಿನ ರೀಡಿಂಗನ್ನೇ ಭಾಜಕ ಮಾಡಿ 2.00 ÷ 1.26 ಅಂತ ಲೆಕ್ಕ ಹಾಕೋದು ಇಲ್ಲಿ ತುಂಬಾ ಕಾಣೋ ತಪ್ಪು, ಭಾಗಿಸಬೇಕಾಗಿರೋದು ಕಮ್ಮಿಯಾದ ತೂಕದಿಂದ. ಮುಳ್ಳು ತೋರಿಸೋದನ್ನ ಕಣ್ಣಿನ ನೇರಕ್ಕೆ ಓದಿ, ನೇತುಹಾಕೋ ಮುಂಚೆ ಮುಳ್ಳು ಸೊನ್ನೆಯಲ್ಲಿದೆಯಾ ನೋಡಿ. 0.02 ನ್ಯೂಟನ್ ಲೀಸ್ಟ್ ಕೌಂಟಿನ ತಕ್ಕಡಿಯಿಂದ 2.70 ಅಂತ ಮೂರು ಅಂಕಿ ಹೇಳೋ ಹಕ್ಕು ನಮಗಿಲ್ಲ, 2.7 ಅಂತ ನಿಲ್ಲಿಸಿ.

## ಬಂದ ಅಂಕಿಯಿಂದ ವಸ್ತು ಯಾವುದು ಅಂತ ಹೇಳೋವಾಗ

ಸಾಂದ್ರತೆ ಹೊಂದಿಕೆ ಆಗಲಿಲ್ಲ ಅಂದ್ರೆ "ಇದು ಆ ಪದಾರ್ಥ ಮಾತ್ರ ಅಲ್ಲ, ಅಥವಾ ಒಳಗೆ ಟೊಳ್ಳಿದೆ" ಅಂತ ಧೈರ್ಯವಾಗಿ ಹೇಳಬಹುದು. ಹೊಂದಿಕೆ ಆಯ್ತು ಅಂದ ಮಾತ್ರಕ್ಕೆ ಅದೇ ಪದಾರ್ಥ ಅಂತ ಹೇಳಕ್ಕಾಗಲ್ಲ. ಬಂಗಾರ 19.3, ಟಂಗ್‌ಸ್ಟನ್ ಕೂಡ 19.3ಕ್ಕೆ ತೀರಾ ಹತ್ರ, ಒಳಗೆ ಟಂಗ್‌ಸ್ಟನ್ ತುಂಬಿ ಮೇಲೆ ಬಂಗಾರ ಹೊದಿಸಿದ ತುಂಡನ್ನ ಈ ವಿಧಾನ ಹಿಡಿಯಲ್ಲ, ತಕ್ಕಡಿ ಎಷ್ಟೇ ಒಳ್ಳೇದಿದ್ರೂ ಅಷ್ಟೇ. ಕಲ್ಲು ಕೂರಿಸಿದ ಒಡವೆ, ಬೇರೆ ಲೋಹದ ತಿರುಪಿರೋ ಭಾಗ, ಒಳಗೆ ಅರಗು ತುಂಬಿದ್ದು ಇವುಗಳ ಅಂಕಿ ಎಲ್ಲಾ ಭಾಗಗಳ ಸರಾಸರಿ ಆಗಿರತ್ತೆ, ಯಾವ ಪಟ್ಟಿಯ ಜೊತೆಗೂ ಹೋಲಿಸಬೇಡಿ. ಬಿಡಿಸಕ್ಕೆ ಆಗೋದಾದ್ರೆ ಬಿಡಿಸಿ ಒಂದೊಂದನ್ನೇ ಅಳೀರಿ, ಆಗಲ್ಲ ಅಂದ್ರೆ ಬೇರೆ ವಿಧಾನದ ಪರೀಕ್ಷೆಗೆ ಕೊಡಿ.